ಮೂಕ ಪ್ರಾಣಿ, ಮುಚ್ಚಿಡದ ನರ

ವಿಜಯಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ಮೊನ್ನೆ ಮಾತಾಡಿದ್ದನ್ನು ಬರೆದು ಕೊಡಿ ಅಂದರು, ಕೊಡುತ್ತಿದ್ದೇನೆ. ಕೇಳಲು ಬಂದವರಲ್ಲಿ ಅರ್ಧ ವಿದ್ಯಾರ್ಥಿಗಳು, ಇನ್ನರ್ಧ ಸುತ್ತಲಿನ ಹಳ್ಳಿಗಳ ರೈತರು. ನಾನು ದನದ ಡಾಕ್ಟರು. ಭಾಷಣದ ಅಭ್ಯಾಸ ಕಡಿಮೆ, ಹಾಗಾಗಿ ಮಾತು ಅಲ್ಲಲ್ಲಿ ಹಾದಿ ಬಿಟ್ಟು ಹೋಗಿದೆ. ಬರೆಯುವಾಗ ಒಂದಿಷ್ಟು ಸರಿ ಮಾಡಿದೆ, ಪೂರ್ತಿ ಮಾಡಲಿಲ್ಲ.

ಮೊದಲು ಒಂದು ಕೆಲಸ ಮಾಡಿ. ಎಡಗೈ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕಡೆ, ಬಲಗೈಯ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ಸಿಕ್ಕಿತಾ? ಈಗ ಐದು ಎಣಿಸುವಷ್ಟು ಹೊತ್ತು ನಿಧಾನವಾಗಿ ಉಸಿರು ಎಳೆದುಕೊಳ್ಳಿ. ಅಷ್ಟೇ ನಿಧಾನವಾಗಿ ಬಿಡಿ. ಇನ್ನೊಂದು ಸಲ. ಉಸಿರು ಎಳೆಯುವಾಗ ನಾಡಿ ಸ್ವಲ್ಪ ಜೋರಾಗುತ್ತದೆ, ಬಿಡುವಾಗ ನಿಧಾನ ಆಗುತ್ತದೆ. ಚಿಕ್ಕ ವಯಸ್ಸಿನವರಿಗೆ ಚೆನ್ನಾಗಿ ಗೊತ್ತಾಗುತ್ತದೆ, ನನ್ನ ವಯಸ್ಸಿನವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ, ಹೆದರಬೇಡಿ. ನಾಯಿಯಲ್ಲಂತೂ ಇದು ಎಷ್ಟು ಜಾಸ್ತಿ ಅಂದರೆ, ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ಮುಧೋಳ ನಾಯಿಯ ಎದೆಗೆ ಸ್ಟೆತೋಸ್ಕೋಪ್ ಇಟ್ಟು ಕೇಳಿ, ಇದಕ್ಕೆ ಹೃದಯದ ಕಾಯಿಲೆ ಇದೆ ಅಂತ ಮಾಲೀಕರಿಗೆ ಹೇಳಿಯೇಬಿಟ್ಟಿದ್ದೆ. ಮೂರು ಬಡಿತ ಸರಸರ, ಆಮೇಲೆ ಒಂದು ಗ್ಯಾಪ್, ಮತ್ತೆ ಮೂರು ಸರಸರ. ಹಿರಿಯ ಡಾಕ್ಟರು ನಕ್ಕರು. "ಆ ನಾಯಿ ಉಸಿರಾಡೋದನ್ನ ನೋಡ್ಕೋತ ಕೇಳೋ ತಮ್ಮಾ" ಅಂದರು. ನೋಡಿದೆ. ಗ್ಯಾಪ್ ಬರುತ್ತಿದ್ದದ್ದು ಉಸಿರು ಬಿಡುವಾಗ. ಕಾಯಿಲೆ ಏನೂ ಇರಲಿಲ್ಲ, ನಾಯಿ ಗಟ್ಟಿಮುಟ್ಟಾಗಿತ್ತು. ನನಗೇ ಓದು ಸಾಲದಾಗಿತ್ತು.

ಈ ಜೋರು-ನಿಧಾನವನ್ನು ನಡೆಸುವುದು ಸ್ವಾಯತ್ತ ನರವ್ಯೂಹ. ನಮ್ಮ ಅಪ್ಪಣೆ ಕೇಳದೆ ಹೃದಯ, ರಕ್ತನಾಳ, ಹೊಟ್ಟೆ, ಕರುಳು, ಬೆವರು, ಜೊಲ್ಲು, ಕಣ್ಣಿನ ಪಾಪೆ, ಉಚ್ಚೆಯ ಚೀಲ, ಎಲ್ಲದರ ಉಸ್ತುವಾರಿ ನೋಡಿಕೊಳ್ಳುವ ನರಗಳ ಜಾಲ. 1898ರಲ್ಲಿ ಇಂಗ್ಲೆಂಡಿನ ಜಾನ್ ಲ್ಯಾಂಗ್ಲಿ ಇದಕ್ಕೆ ಅಟಾನಮಿಕ್ ಅಂತ ಹೆಸರಿಟ್ಟರು.

ನನ್ನಂಥವನಿಗೆ ಈ ನರಗಳೇ ಅನ್ನದಾತರು. ಯಾಕೆ ಅಂದರೆ ನನ್ನ ಪೇಶಂಟ್ ಬಾಯಿ ಬಿಟ್ಟು ಹೇಳುವುದಿಲ್ಲ. ಎಲ್ಲಿ ನೋವು, ಯಾವಾಗಿಂದ, ಏನು ತಿಂದೆ, ಒಂದಕ್ಕೂ ಉತ್ತರ ಇಲ್ಲ. ಎಮ್ಮೆಯ ಮುಖ ನೋಡಿದರೆ ಸುಖದಲ್ಲೂ ಅದೇ ಮುಖ, ದುಃಖದಲ್ಲೂ ಅದೇ ಮುಖ. ಆದರೆ ಅದರ ಕಣ್ಣಿನ ಪಾಪೆ, ಕಿವಿಯ ಬಿಸುಪು, ನಾಡಿ, ಹೊಟ್ಟೆಯ ಸದ್ದು, ಇವು ಅದರ ಹಿಡಿತದಲ್ಲಿ ಇಲ್ಲ. ಹಿಡಿತದಲ್ಲಿ ಇಲ್ಲದ್ದನ್ನು ಮುಚ್ಚಿಡೋಕೆ ಆಗಲ್ಲ. ನಾವು ಓದುವುದು ಅದನ್ನೇ. ರೈತರು ನಮಗಿಂತ ಮೊದಲೇ ಓದುತ್ತಾರೆ. ದನಕ್ಕೆ ಏನೋ ಆಗಿದೆ ಅಂದರೆ ಮೊದಲು ಕಿವಿ ಮುಟ್ಟಿ ನೋಡುತ್ತೀರಿ, ಅಲ್ವಾ? ಕಿವಿ ತಣ್ಣಗಿದ್ದರೆ ಫೋನ್ ಮಾಡುತ್ತೀರಿ. ಅದು ಬರೀ ರೂಢಿ ಅಲ್ಲ. ದೇಹಕ್ಕೆ ಕಷ್ಟ ಬಂದಾಗ ಈ ನರಗಳು ಚರ್ಮದ ರಕ್ತನಾಳಗಳನ್ನು ಬಿಗಿ ಮಾಡಿ ರಕ್ತವನ್ನು ಹೃದಯ, ಮಿದುಳಿನ ಕಡೆ ಉಳಿಸಿಕೊಳ್ಳುತ್ತವೆ. ರಕ್ತ ಕಡಿಮೆ ಆದ ಕಿವಿ ತಣ್ಣಗಾಗುತ್ತದೆ.

ಇದರಲ್ಲಿ ಎರಡು ಪಾಲು. ಒಂದು ಸಿಂಪಥೆಟಿಕ್. ಎದೆ ಮತ್ತು ಸೊಂಟದ ಭಾಗದ ಬೆನ್ನುಹುರಿಯಿಂದ ಹೊರಟು, ಬೆನ್ನೆಲುಬಿನ ಎರಡೂ ಕಡೆ ಮಣಿಸರದ ಹಾಗೆ ಇರುವ ನರದ ಗಂಟುಗಳ ಮೂಲಕ ದೇಹಕ್ಕೆಲ್ಲ ಹರಡುತ್ತದೆ. ಇನ್ನೊಂದು ಪ್ಯಾರಾಸಿಂಪಥೆಟಿಕ್. ಇದು ಮಿದುಳಿನ ಬುಡದಿಂದ ಮತ್ತು ಬೆನ್ನುಹುರಿಯ ಬಾಲದ ತುದಿಯಿಂದ ಹೊರಡುತ್ತದೆ. ಮಿದುಳಿನ ಬುಡದಿಂದ ಬರುವವುಗಳಲ್ಲಿ ದೊಡ್ಡದು ವೇಗಸ್. ಲ್ಯಾಟಿನ್‌ನಲ್ಲಿ ಅಲೆಮಾರಿ ಅಂತ ಅರ್ಥ. ಕುತ್ತಿಗೆಯಲ್ಲಿ ಇಳಿದು ಹೃದಯ, ಶ್ವಾಸಕೋಶ, ಹೊಟ್ಟೆ, ಕರುಳು ಅಂತ ಊರೆಲ್ಲ ಅಲೆಯುತ್ತದೆ, ಹೆಸರು ಸರಿಯಾಗಿಯೇ ಇದೆ. ಈ ವೇಗಸ್‌ನ ಎಳೆಗಳಲ್ಲಿ ಹೆಚ್ಚುಕಡಿಮೆ 80 ಪರ್ಸೆಂಟ್ ಒಳಗಿನ ಸುದ್ದಿಯನ್ನು ಮಿದುಳಿಗೆ ಒಯ್ಯುವಂಥವು. ಹುಕುಂ ತರುವ ಎಳೆಗಳು ಕಡಿಮೆ. ನಮ್ಮ ಕಚೇರಿಗಳಲ್ಲಿ ಇದರ ಉಲ್ಟಾ ಇರುತ್ತದೆ.

ಪರೀಕ್ಷೆಗೆ ಓದುವವರು ಒಂದು ಮಾತು ಬಾಯಿಪಾಠ ಮಾಡಿರುತ್ತೀರಿ: ಸಿಂಪಥೆಟಿಕ್ ಅಂದರೆ ಆಕ್ಸಿಲರೇಟರ್, ಪ್ಯಾರಾಸಿಂಪಥೆಟಿಕ್ ಅಂದರೆ ಬ್ರೇಕ್. ಒಂದು ಜಗಳಕ್ಕೆ, ಒಂದು ನಿದ್ದೆಗೆ. ಮಾರ್ಕ್ಸ್ ಬರುತ್ತೆ, ಬೇಡ ಅನ್ನುವುದಿಲ್ಲ. ಆದರೆ ಇದನ್ನೇ ನಂಬಿಕೊಂಡು ಕೊಟ್ಟಿಗೆಗೆ ಹೋದರೆ ಎಡವುತ್ತೀರಿ. ಮೊದಲನೇದು, ಎರಡೂ ಯಾವಾಗಲೂ ಕೆಲಸ ಮಾಡುತ್ತಲೇ ಇರುತ್ತವೆ, ಒಂದು ಎದ್ದಾಗ ಇನ್ನೊಂದು ಮಲಗುವುದಿಲ್ಲ. ಎರಡನೇದು, ಎಲ್ಲ ಅಂಗಕ್ಕೂ ಎರಡೂ ಇರುವುದಿಲ್ಲ. ಬಹುತೇಕ ರಕ್ತನಾಳಗಳಿಗೆ ಇರುವುದು ಸಿಂಪಥೆಟಿಕ್ ಒಂದೇ. ಬಿಗಿ ಹೆಚ್ಚಾದರೆ ನಾಳ ಸಣ್ಣ, ಬಿಗಿ ಸಡಿಲಾದರೆ ದೊಡ್ಡದು. ಹಗ್ಗವನ್ನು ಒಂದೇ ಕಡೆಯಿಂದ ಎಳೆದು ಬಿಟ್ಟು ಮಾಡಿದ ಹಾಗೆ.

ಹೃದಯದ ವಿಷಯ ಇನ್ನೂ ಮಜಾ ಇದೆ. ಹೃದಯಕ್ಕೆ ಬಡಿಯಲು ನರ ಬೇಕಾಗಿಯೇ ಇಲ್ಲ. ಅದರೊಳಗೇ ತಾಳ ಹಾಕುವ ಒಂದು ಚಿಕ್ಕ ಜಾಗ ಇದೆ. ಮನುಷ್ಯನ ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಮತ್ತೆ ಸುಮ್ನೆ ಕೂತಾಗ ನಿಮ್ಮದು 70 ಯಾಕೆ ಇದೆ? ವೇಗಸ್ ಬ್ರೇಕ್ ಒತ್ತಿ ಹಿಡಿದಿದೆ. ಬೇರೆಯವರ ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಕಸಿ ಮಾಡುವಾಗ ರಕ್ತನಾಳ ಹೊಲಿಯುತ್ತಾರೆ, ನರ ಜೋಡಿಸುವುದಿಲ್ಲ. ಅವರು ಮಲಗಿದ್ದರೂ ನಾಡಿ 90, 100ರ ಹತ್ತಿರ ಇರುತ್ತದೆ. ಅಂದರೆ ಆರಾಮಾಗಿ ಇರುವುದು ಅನ್ನುವುದೇ ಒಂದು ಕೆಲಸ, ಅದಕ್ಕೂ ಒಬ್ಬ ಆಳು ಬೇಕು. ಮೆಟ್ಟಿಲು ಹತ್ತಲು ಎದ್ದ ಕೂಡಲೇ ಮೊದಲು ಆಗುವುದು ಬ್ರೇಕ್ ಸಡಿಲ ಆಗೋದು. ಆಕ್ಸಿಲರೇಟರ್ ಸರದಿ ಆಮೇಲೆ. ಉಸಿರು ಎಳೆದಾಗ ನಿಮ್ಮ ನಾಡಿ ಜೋರಾಯಿತಲ್ಲ, ಅದೂ ಬ್ರೇಕ್ ಮೇಲಿನ ಕಾಲು ಒಂದು ಕ್ಷಣ ಎತ್ತಿದ್ದು.

ಈ ಬ್ರೇಕ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಾಗಿದ್ದು ಒಂದು ಕನಸಿನಿಂದ. ಆಸ್ಟ್ರಿಯಾದ ಗ್ರಾಜ್ ಊರಿನಲ್ಲಿ ಆಟೋ ಲೋವಿ ಅಂತ ಒಬ್ಬ ವಿಜ್ಞಾನಿ. ರಾತ್ರಿ ಕನಸಿನಲ್ಲಿ ಒಂದು ಪ್ರಯೋಗ ಹೊಳೆಯಿತು, ಎದ್ದು ಚೀಟಿಯಲ್ಲಿ ಗೀಚಿ ಮಲಗಿದರು. ಬೆಳಗ್ಗೆ ನೋಡಿದರೆ ತಾವು ಬರೆದದ್ದು ತಮಗೇ ಓದಲು ಬರಲಿಲ್ಲ! (ನಮ್ಮ ಡಾಕ್ಟರ್ ಜಾತಿಯೇ ಹಾಗೆ.) ಮರುದಿನ ರಾತ್ರಿ ಅದೇ ಹೊಳಹು ಮತ್ತೆ ಬಂತು. ಈ ಸಲ ಚೀಟಿ ನಂಬಲಿಲ್ಲ, ಎದ್ದು ಸೀದಾ ಲ್ಯಾಬಿಗೆ ಹೋದರು. ಎರಡು ಕಪ್ಪೆಗಳ ಹೃದಯ ತೆಗೆದರು. ಒಂದಕ್ಕೆ ವೇಗಸ್ ನರ ಇನ್ನೂ ಅಂಟಿಕೊಂಡಿತ್ತು. ಆ ನರಕ್ಕೆ ಕರೆಂಟ್ ಕೊಟ್ಟಾಗ ಹೃದಯ ನಿಧಾನ ಆಯಿತು, ಅದು ಹಳೆಯ ಸುದ್ದಿ. ಆ ಹೃದಯದಲ್ಲಿದ್ದ ದ್ರವವನ್ನು ತೆಗೆದು ಎರಡನೇ ಹೃದಯಕ್ಕೆ ಹಾಕಿದರು. ನರವೇ ಇಲ್ಲದ ಆ ಹೃದಯವೂ ನಿಧಾನ ಆಯಿತು. ನರ ಮಾತಾಡುವುದು ಒಂದು ರಸಾಯನದ ಮೂಲಕ ಅಂತ 1921ರಲ್ಲಿ ಹೀಗೆ ಸಾಬೀತಾಯಿತು. ಆ ರಸಾಯನ ಅಸಿಟೈಲ್‌ಕೋಲಿನ್. 1936ರಲ್ಲಿ ಲೋವಿ ಮತ್ತು ಹೆನ್ರಿ ಡೇಲ್ ಇಬ್ಬರಿಗೂ ನೊಬೆಲ್ ಬಂತು. ಪ್ರಯೋಗ ಕಪ್ಪೆಯದ್ದಾದರೂ ಸಸ್ತನಿಗಳಲ್ಲೂ ವೇಗಸ್ ಬಳಸುವುದು ಅದೇ ರಸಾಯನ. ಈ ಹೆಸರು ನೆನಪಿಡಿ, ಕೀಟನಾಶಕದ ಮಾತು ಬಂದಾಗ ಬೇಕಾಗುತ್ತದೆ. ಸಿಂಪಥೆಟಿಕ್ ನರದ ತುದಿಯಲ್ಲಿ ಬಹುಮಟ್ಟಿಗೆ ಬೇರೆ ರಸಾಯನ, ನಾರ್‌ಅಡ್ರಿನಲಿನ್. ಮೂತ್ರಪಿಂಡದ ಮೇಲೆ ಕೂತಿರುವ ಗ್ರಂಥಿಯಿಂದ ಅಡ್ರಿನಲಿನ್ ಸೀದಾ ರಕ್ತಕ್ಕೇ ಸುರಿಯುತ್ತದೆ.

ಈಗ ಎಮ್ಮೆಯ ಕಥೆ. ತಿಕೋಟಾ ಕಡೆಯ ಒಂದು ಹಳ್ಳಿಯಿಂದ ಹುಡುಗನೊಬ್ಬ ಬಂದ. "ಸಾಹೇಬ್ರ, ನಮ್ಮ ಎಮ್ಮಿ ಮೂರು ದಿನಾ ಆತ್ರಿ, ಹಾಲ ಇಳಸವಲ್ದು. ಕೆಚ್ಚಲಕ್ಕ ಏನರೆ ಆಗೇದೇನ್ ನೋಡ್ ಬರ್ರಿ" ಅಂದ. ಹೋಗಿ ನೋಡಿದೆ. ಕೆಚ್ಚಲು ಚೆನ್ನಾಗಿದೆ, ಜ್ವರ ಇಲ್ಲ, ಮೇವು ತಿನ್ನುತ್ತಿದೆ. ಮತ್ತೇನು ಬದಲಾಯಿತು ಅಂತ ಕೇಳಿದೆ. ದಿನಾ ಹಿಂಡುತ್ತಿದ್ದದ್ದು ಅವನ ಅವ್ವ. ಮಗಳ ಬಾಣಂತನಕ್ಕೆ ಅಂತ ಅವ್ವ ಜಮಖಂಡಿಗೆ ಹೋಗಿದ್ದಾಳೆ. ಈಗ ಈ ಹುಡುಗ ಹಿಂಡುತ್ತಾನೆ, ಕಿವಿಯಲ್ಲಿ ಇಯರ್‌ಫೋನ್, ಅವಸರ ಬೇರೆ, ಮೊದಲ ದಿನ ಒಂದು ಏಟೂ ಹಾಕಿದ್ದಾನೆ.

ಹಾಲು ಇಳಿಯುವುದು ಹೀಗೆ. ಕರು ಮೊಲೆಗೆ ಬಾಯಿ ಹಾಕಿದಾಗ ಅಥವಾ ಕೈ ತಾಗಿದಾಗ ಸುದ್ದಿ ಮಿದುಳಿಗೆ ಹೋಗುತ್ತದೆ, ಅಲ್ಲಿಂದ ಆಕ್ಸಿಟೋಸಿನ್ ರಕ್ತಕ್ಕೆ ಬಿಡುಗಡೆ ಆಗುತ್ತದೆ, ಅದು ಕೆಚ್ಚಲಿಗೆ ಬಂದು ಹಾಲಿನ ಸಣ್ಣ ಗೂಡುಗಳನ್ನು ಹಿಂಡುತ್ತದೆ. ಇದು ನರದ ಕೆಲಸ ಅರ್ಧ, ಹಾರ್ಮೋನಿನ ಕೆಲಸ ಅರ್ಧ. ಪ್ರಾಣಿ ಹೆದರಿದರೆ ಎರಡು ಕಡೆ ಕೆಡುತ್ತದೆ: ಮಿದುಳು ಆಕ್ಸಿಟೋಸಿನ್ ಬಿಡುವುದೇ ಇಲ್ಲ, ಬಿಟ್ಟರೂ ಅಡ್ರಿನಲಿನ್ ಕೆಚ್ಚಲಿನ ರಕ್ತನಾಳ ಬಿಗಿ ಮಾಡಿ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆಕಳಾದರೆ ಕೆಚ್ಚಲಿನ ಕೆಳಗಿನ ತೊಟ್ಟಿಯಲ್ಲಿ ಸ್ವಲ್ಪ ಹಾಲು ಮೊದಲೇ ಇಳಿದಿರುತ್ತದೆ, ಅಷ್ಟಾದರೂ ಸಿಗುತ್ತದೆ. ಎಮ್ಮೆಯಲ್ಲಿ ಆ ತೊಟ್ಟಿಯಲ್ಲಿ ನಿಲ್ಲುವುದು ತೀರಾ ಕಡಿಮೆ, ಬಹುತೇಕ ಹಾಲು ಮೇಲಿನ ಗೂಡುಗಳಲ್ಲೇ ಇರುತ್ತದೆ. ಹಾಗಾಗಿ ಎಮ್ಮೆ ಮನಸ್ಸು ಮಾಡದಿದ್ದರೆ ಬಕೆಟ್ ಖಾಲಿ. ಎಮ್ಮೆ ಹಟಮಾರಿ ಅಂತ ಬೈಯುತ್ತೀರಲ್ಲ, ಪಾಪ, ಅದರ ಕೈಯಲ್ಲಿ ಏನೂ ಇಲ್ಲ. ಇಂಥಾ ಹೊತ್ತಿನಲ್ಲಿ ಇಂಜೆಕ್ಷನ್ ಚುಚ್ಚಿ ಹಾಲು ಇಳಿಸುವ ಚಟ ಕೆಲವು ಕಡೆ ಇದೆ. ನನಗೆ ಅದನ್ನು ಕಂಡರೆ ಆಗುವುದಿಲ್ಲ. ಹುಡುಗನಿಗೆ ಹೇಳಿದೆ: ಇಯರ್‌ಫೋನ್ ತೆಗಿ, ಅವ್ವನ ಹಳೇ ಸೀರೆ ಹೊದ್ದುಕೋ, ಅದೇ ಹೊತ್ತಿಗೆ ಹೋಗು, ಹಿಂಡಿಯ ಬುಟ್ಟಿ ಮುಂದಿಡು, ಎರಡು ನಿಮಿಷ ಸುಮ್ನೆ ಕೆಚ್ಚಲು ತೊಳೆದು ಸವರು. ನಾಲ್ಕನೇ ದಿನ ಫೋನ್ ಬಂತು, "ಬಿಟ್ಟಳ್ರೀ ಸಾಹೇಬ್ರ" ಅಂತ.

ಹೊಟ್ಟೆಯೂ ಹೀಗೇ. ಎಕ್ಸ್-ರೇ ಬಂದ ಹೊಸದರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಬೆಕ್ಕಿಗೆ ಊಟ ಹಾಕಿ ಅದರ ಹೊಟ್ಟೆಯ ಅಲೆಗಳನ್ನು ನೋಡುತ್ತಿದ್ದರು. ಬೆಕ್ಕು ಸಿಟ್ಟಾದಾಗ, ಗಾಬರಿ ಆದಾಗ ಅಲೆ ಪೂರ್ತಿ ನಿಂತುಹೋಗುತ್ತಿತ್ತು. ಜಗಳ ಇಲ್ಲವೇ ಓಟ ಅನ್ನುವ ಪ್ರಸಿದ್ಧ ಮಾತಿನ ಬೇರು ಇಲ್ಲಿದೆ. ಆದರೆ ದನದ ಹೊಟ್ಟೆ ಬೆಕ್ಕಿನ ಹಾಗಲ್ಲ. ದೊಡ್ಡ ಆಕಳಿನ ದೊಡ್ಡ ಹೊಟ್ಟೆಯಲ್ಲಿ 100 ಲೀಟರಿಗೂ ಜಾಸ್ತಿ ಹಿಡಿಯುತ್ತದೆ, ಅದು ಹೊರಳಿ ಹೊರಳಿ ಮೇವನ್ನು ಕಲಸುತ್ತಲೇ ಇರಬೇಕು. ನಮ್ಮ ಕರುಳಿಗೆ ಅದರದ್ದೇ ನರಜಾಲ ಇದೆ, ಹೊರಗಿನ ನರ ಕತ್ತರಿಸಿದರೂ ಹೇಗೋ ನಡೆಸಿಕೊಂಡು ಹೋಗುತ್ತದೆ. ದನದ ದೊಡ್ಡ ಹೊಟ್ಟೆಗೆ ಆ ಸ್ವಾತಂತ್ರ್ಯ ಇಲ್ಲ. ವೇಗಸ್ ನಿಂತರೆ ಅದರ ಹೊರಳಾಟವೂ ನಿಲ್ಲುತ್ತದೆ.

ಎಡ ಪಕ್ಕೆಯ ಹಿಂದಿನ ತಗ್ಗಿನಲ್ಲಿ ಮುಷ್ಟಿ ಒತ್ತಿ ಎರಡು ನಿಮಿಷ ನಿಂತು ನೋಡಿ. ಆರೋಗ್ಯವಾಗಿದ್ದರೆ ಮೂರು ಸಲದ ಆಸುಪಾಸು ನಿಮ್ಮ ಕೈಯನ್ನು ಒಳಗಿನಿಂದ ಹೊರಗೆ ತಳ್ಳುತ್ತದೆ. ಪುಕ್ಕಟೆ ಟೆಸ್ಟ್. ತಂತಿ, ಮೊಳೆ ನುಂಗಿದ ದನದಲ್ಲಿ ಆ ತಂತಿ ಚುಚ್ಚಿದ ಜಾಗ ಕೀವಾಗಿ ವೇಗಸ್‌ನ ಕೆಲಸ ಕೆಡುವುದುಂಟು. ಹೊಟ್ಟೆ ದಿನದಿಂದ ದಿನಕ್ಕೆ ಊದುತ್ತದೆ, ಸಗಣಿ ಕಡಿಮೆ ಆಗುತ್ತದೆ, ಕೆಲವು ದನದಲ್ಲಿ ನಾಡಿ ವಿಚಿತ್ರವಾಗಿ ನಿಧಾನ ಆಗಿರುತ್ತದೆ. ಬೇಲಿಯ ತಂತಿ ಕತ್ತರಿಸಿದ ಚೂರುಗಳನ್ನು ಹೊಲದಲ್ಲಿ ಬಿಡಬೇಡಿ ಅಂತ ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೇ.

ನಮ್ಮೂರ ಬಿಸಿಲಿನ ಬಗ್ಗೆ ಹೇಳದಿದ್ದರೆ ಆಗುತ್ತಾ? ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಮಿದುಳಿನ ತಳದಲ್ಲಿರುವ ಹೈಪೊಥಾಲಮಸ್ ರಕ್ತದ ಬಿಸಿ ನೋಡಿ ಈ ನರಗಳಿಗೆ ಕೆಲಸ ಹೇಳುತ್ತದೆ. ಚರ್ಮದ ನಾಳ ಸಡಿಲ ಮಾಡು, ಬೆವರು ಬಿಡು. ಮನುಷ್ಯನ ಬೆವರಿನ ಗ್ರಂಥಿಗಳಿಗೆ ಹೋಗುವುದು ಸಿಂಪಥೆಟಿಕ್ ನರ, ಆದರೆ ಅಲ್ಲಿ ಅದು ಬಳಸುವುದು ಅಸಿಟೈಲ್‌ಕೋಲಿನ್. ಆಗಲೇ ನಾರ್‌ಅಡ್ರಿನಲಿನ್ ಅಂದಿರಲ್ಲ ಅಂತ ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. ಬಹುಮಟ್ಟಿಗೆ ಅಂದಿದ್ದೆ ತಂಗಿ, ಆ ಮಾತು ಹಾಕಿದ್ದು ಇದಕ್ಕೇ! ಟಾಂಗಾ ಎಳೆಯುವ ಕುದುರೆ ನೋಡಿ, ಅದೂ ಮೈಯೆಲ್ಲ ಬೆವರುತ್ತದೆ, ಸೊಂಟಪಟ್ಟಿ ಉಜ್ಜುವ ಕಡೆ ಬಿಳಿ ನೊರೆ ಬರುತ್ತದೆ, ಆದರೆ ಕುದುರೆಯ ಬೆವರಿಗೆ ಮುಖ್ಯವಾಗಿ ಅಡ್ರಿನಲಿನ್ ಬೇಕು. ನಾಯಿಗೆ ಪಂಜದಲ್ಲಿ ಬಿಟ್ಟರೆ ಬೆವರು ಇಲ್ಲ ಅನ್ನಬಹುದು, ನಾಲಿಗೆ ಚಾಚಿ ತೇಕುತ್ತದೆ. ಎಮ್ಮೆಗೆ ಬೆವರಿನ ಗ್ರಂಥಿ ಆಕಳಿಗಿಂತ ತುಂಬಾ ಕಡಿಮೆ, ಮೇಲೆ ಕಪ್ಪು ಚರ್ಮ. ಭೂತನಾಳ ಕೆರೆಯೋ, ಊರ ಹಳ್ಳವೋ, ನೀರು ಕಂಡ ಕಡೆ ಎಮ್ಮೆ ಕೂತುಬಿಡುವುದು ಸೋಮಾರಿತನಕ್ಕಲ್ಲ. ನರಗಳ ಕೈಲಾಗದ್ದನ್ನು ಅದು ಕಾಲಿನಿಂದ ನಡೆದುಹೋಗಿ ಮಾಡಿಕೊಳ್ಳುತ್ತದೆ.

ಕೊನೆಗೆ ವಿಷ. ಇದನ್ನು ರೈತರು ಗಮನ ಇಟ್ಟು ಕೇಳಬೇಕು. ದ್ರಾಕ್ಷಿ, ದಾಳಿಂಬೆಗೆ ಹೊಡೆಯುವ ಔಷಧಿಗಳಲ್ಲಿ ಆರ್ಗನೋಫಾಸ್ಫೇಟ್ ಅನ್ನುವ ಒಂದು ಗುಂಪು ಇದೆ. ನರದ ತುದಿಯಲ್ಲಿ ಬಂದ ಅಸಿಟೈಲ್‌ಕೋಲಿನ್ ಕೆಲಸ ಮುಗಿಸಿದ ಕೂಡಲೇ ಅದನ್ನು ಕತ್ತರಿಸಿ ಹಾಕುವ ಒಂದು ಕಿಣ್ವ ಇರುತ್ತದೆ. ಈ ವಿಷ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ರಸಾಯನ ತುಂಬಿ ತುಳುಕುತ್ತದೆ, ಪ್ಯಾರಾಸಿಂಪಥೆಟಿಕ್ ಹೇಳಿದ ಕೆಲಸಗಳೆಲ್ಲ ನಿಲ್ಲದೆ ನಡೆಯುತ್ತವೆ. ಒಂದು ಹೋರಿಗರು ಸ್ಪ್ರೇ ಡಬ್ಬಿ ತೊಳೆದ ನೀರು ಕುಡಿದಿತ್ತು. ನಾನು ಹೋದಾಗ ಬಾಯಿಂದ ಜೊಲ್ಲು ಹಗ್ಗದ ಹಾಗೆ ಇಳಿಯುತ್ತಿತ್ತು. ಕಣ್ಣಲ್ಲಿ ನೀರು, ಭೇದಿ, ಉಚ್ಚೆ, ಎಲ್ಲ ಒಟ್ಟಿಗೆ. ಪಾಪೆ ಸಣ್ಣಗಾಗಿ ಸಂದಿಯಂತಾಗಿತ್ತು. ಉಸಿರಿನಲ್ಲಿ ಗೊರಗೊರ, ಶ್ವಾಸನಾಳದಲ್ಲಿ ನೀರು ತುಂಬಿದ ಸದ್ದು. ಮೈ ನಡುಗುತ್ತಿತ್ತು. ಇಷ್ಟೆಲ್ಲ ಕಂಡರೆ ಯಾರನ್ನೂ ಏನೂ ಕೇಳಬೇಕಾಗಿಲ್ಲ, ಕರುವೇ ಎಲ್ಲ ಹೇಳಿದೆ.

ಅಟ್ರೋಪಿನ್ ಕೊಟ್ಟೆ. ಅದು ಅಸಿಟೈಲ್‌ಕೋಲಿನ್ ಕೂರುವ ಜಾಗದಲ್ಲಿ ತಾನು ಕೂತು ಬಾಗಿಲು ಹಾಕುತ್ತದೆ. ಸ್ವಲ್ಪ ಹೊತ್ತಿಗೆ ಜೊಲ್ಲು ಕಡಿಮೆ ಆಯಿತು, ಪಾಪೆ ಅರಳಿತು, ಎದೆಯ ಗೊರಗೊರ ಇಳಿಯಿತು. ಮತ್ತೆ ಮತ್ತೆ ಕೊಡಬೇಕಾಯಿತು, ಬೆಳಗಾಯಿತು. ಮೈ ನಡುಕ ಮಾತ್ರ ಅಟ್ರೋಪಿನ್‌ಗೆ ಬಗ್ಗುವುದಿಲ್ಲ, ಅದು ಮಾಂಸಖಂಡದ ಲೆಕ್ಕ, ಅಲ್ಲಿನ ಬಾಗಿಲೇ ಬೇರೆ. ಕರು ಉಳಿಯಿತು. ಮನುಷ್ಯರಿಗೂ ಆಗುವುದು ಇದೇ. ಔಷಧಿ ಹೊಡೆಯುವಾಗ ಯಾರಿಗಾದರೂ ಬಾಯಲ್ಲಿ ನೀರು ಸುರಿದು, ಕಣ್ಣು ಮಂಜಾಗಿ, ಎದೆ ಬಿಗಿದರೆ ಬಟ್ಟೆ ಕಳಚಿ, ಸೋಪು ಹಾಕಿ ಮೈ ತೊಳೆದು, ಡಬ್ಬಿಯ ಸಮೇತ ಆಸ್ಪತ್ರೆಗೆ ಓಡಿ. ಬಟ್ಟೆ ಕಳಚುವವರು ಕೈಗೆ ಗ್ಲೌಸ್ ಹಾಕಿಕೊಳ್ಳಿ, ಆ ವಿಷ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ.

ಇದರ ಪೂರ್ತಿ ಉಲ್ಟಾ ನೋಡಬೇಕಾದರೆ ದತ್ತೂರಿ. ಶಿವನಿಗೆ ಏರಿಸುತ್ತೀರಲ್ಲ, ಮುಳ್ಳು ಕಾಯಿಯ ಗಿಡ. ಅದರಲ್ಲಿ ಅಟ್ರೋಪಿನ್ನೂ ಅದರ ಅಣ್ಣತಮ್ಮಂದಿರೂ ಇವೆ. ಅದರ ಬೀಜ ತಿಂದವರಿಗೆ ಬಾಯಿ ಒಣಗುತ್ತದೆ, ಪಾಪೆ ದೊಡ್ಡದಾಗುತ್ತದೆ, ನಾಡಿ ಓಡುತ್ತದೆ, ಬೆವರು ನಿಂತು ಮೈ ಕಾದ ಹಂಚಾಗುತ್ತದೆ, ಉಚ್ಚೆ ಕಟ್ಟುತ್ತದೆ, ಏನೇನೋ ಬಡಬಡಿಸುತ್ತಾರೆ. ಹಿಂದಿನ ಸಾಲಿನಿಂದ ಯಾರೋ ಕೇಳಿದರು, ಹಾಗಾದರೆ ಸ್ಪ್ರೇ ವಿಷಕ್ಕೆ ದತ್ತೂರಿ ಅರೆದು ಕುಡಿಸಬಹುದೇನ್ರಿ ಅಂತ. ಬೇಡವೇ ಬೇಡ. ಒಂದು ಕಾಯಿಯಲ್ಲಿ ಎಷ್ಟಿದೆ ಅಂತ ಅಳೆಯೋಕೆ ಆಗಲ್ಲ, ಒಂದು ವಿಷದ ಮೇಲೆ ಇನ್ನೊಂದು ವಿಷ ಆಗುತ್ತದೆ.

ಪ್ರಶ್ನೆಗಳು ಬಹಳ ಬಂದವು, ಎರಡು ಬರೆಯುತ್ತೇನೆ. ಹಿರಿಯರೊಬ್ಬರು, ಸಕ್ಕರೆ ಕಾಯಿಲೆ ಇದೆಯಂತೆ, ರಾತ್ರಿ ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತದೆ ಅಂದರು. ನಾವು ಎದ್ದು ನಿಂತಾಗ ಅರ್ಧ ಲೀಟರಿಗೂ ಜಾಸ್ತಿ ರಕ್ತ ಕಾಲು, ಹೊಟ್ಟೆಯ ಕಡೆ ಇಳಿಯುತ್ತದೆ. ಕುತ್ತಿಗೆಯ ದೊಡ್ಡ ನಾಳದಲ್ಲಿ ಒತ್ತಡ ನೋಡುವ ಜಾಗ ಇದೆ, ಅದು ಕೂಡಲೇ ಸುದ್ದಿ ಕೊಡುತ್ತದೆ, ನಾಳಗಳು ಬಿಗಿಯುತ್ತವೆ, ನಾಡಿ ಏರುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಬಹಳ ವರ್ಷದ ಸಕ್ಕರೆ ಕಾಯಿಲೆ ಈ ಸಣ್ಣ ನರಗಳನ್ನೇ ತಿನ್ನುತ್ತದೆ. ಬಿಪಿ ಗುಳಿಗೆಯಿಂದಲೂ ಹೀಗಾಗಬಹುದು. ಮೊದಲು ಕೂತು, ಕಾಲು ಇಳಿಬಿಟ್ಟು, ಒಂದು ನಿಮಿಷ ಬಿಟ್ಟು ಏಳಿ ಅಂದೆ. ಮತ್ತೆ ನಾನು ದನದ ಡಾಕ್ಟರು, ನಿಮ್ಮ ಡಾಕ್ಟರಿಗೆ ತೋರಿಸಿ ಅಂತಲೂ ಅಂದೆ.

ಎರಡನೇ ಪ್ರಶ್ನೆ ಒಬ್ಬ ವಿದ್ಯಾರ್ಥಿಯದ್ದು. "ಸರ್, ಸ್ಟೇಜ್ ಮ್ಯಾಲೆ ನಿಂತ್ರ ನಿಮಗ ಹೆದ್ರಿಕಿ ಆಗಂಗಿಲ್ಲೇನ್ರಿ?" ಇಲ್ಲಪ್ಪ, ಕೊಂಬು ಬೀಸುವ ಹೋರಿಗೆ ಇಂಜೆಕ್ಷನ್ ಮಾಡಿದ ಮನುಷ್ಯ ನಾನು, ನಿಮಗೆಲ್ಲ ಹೆದರ್ತೀನಾ ಅಂದೆ. ಎಲ್ಲರೂ ನಕ್ಕರು. ಮುಂದಿನ ಸಾಲಿನಲ್ಲಿ ಪಟಕಾ ಸುತ್ತಿದ ಒಬ್ಬ ಅಜ್ಜ ಮಾತ್ರ ನಗಲಿಲ್ಲ. "ಸುಳ್ಳ ಹೇಳಬ್ಯಾಡ್ರಿ ಸಾಹೇಬ್ರ. ಮಾತು ಸುರು ಆದಾಗಿಂದ ನಾಕ್ ಗ್ಲಾಸ್ ನೀರ ಕುಡದೀರಿ" ಅಂತ ಎದ್ದು, ಸೀದಾ ಸ್ಟೇಜಿನ ಹತ್ತಿರ ಬಂದು, ನನ್ನ ಕಿವಿ ಹಿಡಿದು ನೋಡಿದ.

"ತಣ್ಣಗ ಅದಾವ" ಅಂತ ಸಭೆಗೆ ಹೇಳಿ ಹೋಗಿ ಕೂತ.